ಲೋಬೋ ಸರ್ ಒಯ್ದ ಎಂಟು ಚೂರಿಗಳು

ಗಿರಾಕಿ ಬಂದು ಚೂರಿ ಕೇಳಿದರೆ ಬೆಲೆ ಹೇಳುವ ಮೊದಲು "ಎಂತಕ್ಕೆ?" ಎಂದು ಕೇಳಬೇಕು. ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ಸುಮಾರು ಮೂವತ್ತು ವರ್ಷ ನಿಂತ ಮೇಲೆ ನನಗೆ ಖಾತ್ರಿಯಾಗಿ ಗೊತ್ತಿರುವುದು ಇದೊಂದೇ ಎಂದರೂ ಸರಿ. ಈಗ ಅಂಗಡಿಗಳಿಗೆ ಸೇರುವ ಮಕ್ಕಳು ಕೆಲವರು ಮನೆಗೆ ಬಂದು, "ಜಲಜಕ್ಕ, ಮಾರುವುದು ಹೇಗೆ ಹೇಳಿಕೊಡಿ" ಎನ್ನುತ್ತಾರೆ. ಮಾರುವುದು ಆರು ತಿಂಗಳಲ್ಲಿ ತಾನಾಗಿಯೇ ಬರುತ್ತದೆ. ಮಾರಿದ ಸಾಮಾನು ಈಗ ಯಾರ ಕೈಯಲ್ಲಿ ಉಂಟು, ಅದರಿಂದ ಏನಾದೀತು ಎಂಬ ಚಿಂತೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗಬೇಕಲ್ಲ, ಆ ಭಾಗವನ್ನು ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ನಾನು ಸೇರಿದ್ದು ಎಪ್ಪತ್ತರ ದಶಕದ ನಡುವೆ. ಬಂದರು ರಸ್ತೆಯ ಆ ಅಂಗಡಿಯಲ್ಲಿ ನನ್ನ ಅಪ್ಪ ಮೊಳೆ, ಬೋಲ್ಟು ತೂಗುವ ಕೆಲಸದಲ್ಲಿದ್ದರು. ಅವರಿಗೆ ಉಬ್ಬಸ ಜೋರಾಗಿ ಬೋಳಾರದ ಮನೆಯಲ್ಲಿ ಕೂತಾಗ ಧನಿಗಳು ನನ್ನನ್ನು ಕರೆಸಿ, "ಟೈಪಿಂಗ್ ಬರ್ತದಲ್ಲ? ಬಿಲ್ಲು ಬರಿ" ಎಂದರು. ಧನಿಗಳೆಂದರೆ ಅಂಗಡಿಯ ಯಜಮಾನರು, ಶೆಟ್ರು. ಗದ್ದೆ ಕೈಬಿಟ್ಟ ಮೇಲೆ ಪೇಟೆಗೆ ಬಂದು ವ್ಯಾಪಾರ ಹಿಡಿದ ಮನೆತನ. ಕೆಟ್ಟವರಲ್ಲ. ಆದರೆ ಅಂಗಡಿಯ ಹೆಸರು ಎಂದರೆ ಅವರಿಗೆ ದೈವಕ್ಕೆ ಸಮಾನ.

ಎರಡು ವರ್ಷ ಬಿಲ್ಲು ಬರೆದೆ. ಆಮೇಲೆ ಕತ್ತಿ, ಚೂರಿ, ಕತ್ತರಿಗಳ ಕೌಂಟರಿನಲ್ಲಿದ್ದವರು ದುಬಾಯಿಗೆ ಹೋದರು. ಬೇರೆ ಜನ ಸಿಗುವವರೆಗೆ ಎಂದು ಧನಿಗಳು ನನ್ನನ್ನು ಅಲ್ಲಿ ನಿಲ್ಲಿಸಿದರು. ಬೇರೆ ಜನ ಸಿಗಲೇ ಇಲ್ಲ. ಬರುವ ಗಂಡಸರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳುವರು. ದಿನಾ ಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಮೀನು ಹೆಚ್ಚುವವಳಿಗೆ ಅಲಗಿನ ಪರಿಚಯ ಇರುವುದಿಲ್ಲವೆಂದು ಅವರ ಲೆಕ್ಕ. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ. ಮೀನು ಹೆಚ್ಚುವುದೇ ಬೇರೆ, ಕಾಡಿಗೆ ಹೋಗುವವನಿಗೆ ಚೂರಿ ಆರಿಸಿ ಕೊಡುವುದೇ ಬೇರೆ.

ಮೊದಲ ವರ್ಷದಲ್ಲೇ ಅದು ಗೊತ್ತಾಯಿತು. ಜಮೀನು ಅಳೆಯುವ ಕೆಲಸದವರೊಬ್ಬರು ಬಂದು, ಗುಡ್ಡದಲ್ಲಿ ವಾರಗಟ್ಟಲೆ ಡೇರೆಯಲ್ಲಿ ಇರಲಿಕ್ಕುಂಟು, ಒಂದು ಚೂರಿ ಬೇಕು ಎಂದರು. ನಾನು ಕಪಾಟಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಸ್ಟೀಲಿನ ಚೂರಿ ತೆಗೆದು ಕೊಟ್ಟೆ. ತಿಂಗಳ ನಂತರ ಅವರು ಅದನ್ನು ತಂದು ಕೌಂಟರಿನ ಮೇಲೆ ಇಟ್ಟರು. ಅಲಗು ಬಾಳೆಎಲೆಯ ಹಾಗೆ ಒಂದು ಕಡೆಗೆ ಬಾಗಿತ್ತು. ಅದನ್ನು ಅಲ್ಲೇ ಬಿಟ್ಟು ಹೋದರು. ಬೈದಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಆ ಸಂಜೆ ಕೊರಗಪ್ಪಣ್ಣ ನನ್ನನ್ನು ಹತ್ತಿರ ಕರೆದರು. ಅವರು ಅಂಗಡಿಯ ಹಳೆ ಸೇಲ್ಸ್‌ಮನ್. ಕಣ್ಣು ಮಂಜಾಗಿತ್ತು, ಕೈ ಮಂಜಾಗಿರಲಿಲ್ಲ.

"ಹಣ್ಣು ಕೊಯ್ಯುವ ಚೂರಿ ಕೊಟ್ಟಿದ್ದೀ ಮಾರಾಯ್ತಿ" ಎಂದರು. "ಕಾಡಿಗೆ ಹೋಗುವವರಿಗೆ ಮಡಚುವ ಚೂರಿಯನ್ನೂ ಕೊಡಬಾರದು. ಬಲ ಹಾಕಿದ್ರೆ ಮಡಚಿಕೊಂಡು ಬೆರಳಿನ ಮೇಲೆ ಬೀಳ್ತದೆ. ನೆಟ್ಟಗೆ ನಿಂತ ಅಲಗೇ ಬೇಕು. ಉದ್ದ ಒಂದು ಅಂಗೈಯಷ್ಟು ಸಾಕು. ಉದ್ದ ಜಾಸ್ತಿ ಆದ್ರೆ ಸೊಂಟದಲ್ಲಿ ಚೆಂದ, ಕೆಲಸಕ್ಕೆ ಆಗ್ಲಿಕ್ಕಿಲ್ಲ. ಬೆನ್ನು ದಪ್ಪ ಇರಬೇಕು. ಮತ್ತೆ ಬಾಲ ನೋಡು."

ಅಲಗಿನ ಕಬ್ಬಿಣ ಹಿಡಿಯೊಳಗೆ ಹೋಗುವ ಭಾಗಕ್ಕೆ ಅವರು ಬಾಲ ಅನ್ನುತ್ತಿದ್ದರು. ಒಳ್ಳೆಯ ಚೂರಿಯಲ್ಲಿ ಅದು ಹಿಡಿಯ ಕೊನೆಯವರೆಗೂ ಹೋಗಿರುತ್ತದೆ, ಎರಡು ಬದಿಗೆ ಮರದ ಪಟ್ಟಿ ಇಟ್ಟು ರಿವೆಟ್ ಹೊಡೆದಿರುತ್ತಾರೆ. ಅಗ್ಗದ್ದರಲ್ಲಿ ಬಾಲ ಅರ್ಧಕ್ಕೇ ನಿಂತಿರುತ್ತದೆ. ಹೊರಗಿನಿಂದ ಕಾಣದಿದ್ದರೆ ಹಿಡಿಯ ತುದಿಯಿಂದ ಮರಕ್ಕೆ ಹೊಡೆದು ಕೇಳಬೇಕು. ಪೂರ್ತಿ ಬಾಲವಿದ್ದರೆ ಗಟ್ಟಿ ಶಬ್ದ, ಇಲ್ಲದಿದ್ದರೆ ಸಡಿಲ ಬಾಗಿಲು ಬಡಿದ ಹಾಗೆ. ಅವರು ನನ್ನ ಕಣ್ಣು ಮುಚ್ಚಿಸಿ ಒಂದೊಂದೇ ಚೂರಿ ಬಡಿದು, "ಇದು?" "ಇದು?" ಎಂದು ಕೇಳುವರು. ವಾರದಲ್ಲಿ ನನಗೆ ಕಿವಿ ಬಂತು.

ಕಿವಿ ಬಂದರೂ ಬುದ್ಧಿ ಬರಲಿಕ್ಕೆ ತಡವಾಯಿತು. ಊರಿನಲ್ಲಿ ಸ್ವಲ್ಪ ಗಲಾಟೆ ಇದ್ದ ದಿನಗಳಲ್ಲಿ ಪೊಲೀಸರು ಬಂದು, ಚೂರಿ ಯಾರಿಗೆ ಕೊಡುತ್ತೀರಿ ನೋಡಿ ಕೊಡಿ ಎಂದು ಹೇಳಿ ಹೋಗಿದ್ದರು. ಮರುದಿನವೇ ಒಬ್ಬ ಓಡಿಕೊಂಡು ಬಂದ. ಅಂಗಿಯೆಲ್ಲ ಒದ್ದೆ, ಕಣ್ಣು ಕೆಂಪು. "ಚೂರಿ ಕೊಡಿ, ಬೇಗ." ಎಂತಕ್ಕೆ ಎಂದು ಕೇಳಲಿಕ್ಕೆ ನನ್ನ ನಾಲಿಗೆ ಏಳಲಿಲ್ಲ. "ಚೂರಿ ಇಲ್ಲ, ಖಾಲಿಯಾಗಿದೆ" ಎಂದೆ. ಅವನು ಕಪಾಟನ್ನು ನೋಡಿದ, ನನ್ನನ್ನು ನೋಡಿದ, ಓಡಿಹೋದ. ಎರಡು ದಿನ ಬಿಟ್ಟು ಅದೇ ಮನುಷ್ಯ ಶಾಂತವಾಗಿ ಬಂದು ನಿಂತ. "ಅಕ್ಕ, ಆವತ್ತು ದೋಣಿಯ ಎಂಜಿನಿನ ಫ್ಯಾನಿಗೆ ಬಲೆ ಸುತ್ತಿಕೊಂಡಿತ್ತು. ಇಳಿತ ಜೋರಿತ್ತು. ಕೊಯ್ಯಲಿಕ್ಕೆ ಎಂತದೂ ಸಿಗದೆ ದೋಣಿ ಕಲ್ಲಿಗೆ ಬಡಿಯಿತು. ಕಪಾಟಿನಲ್ಲಿ ಚೂರಿ ಇದ್ದದ್ದು ನಾನು ನೋಡಿದ್ದೆ." ಕೊಟ್ಟರೂ ಹೆದರಿಕೆ, ಕೊಡದಿದ್ದರೂ ಹೆದರಿಕೆ. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ದೋಣಿ ಉಳಿಯುತ್ತಿತ್ತು.

ಹಾಗೆ ಹೆದರಿ ಹೆದರಿಯೇ ಕೆಲಸ ಕಲಿತೆ. ಎಂಬತ್ತರ ದಶಕ ಬರುವಾಗ ಗಂಡಸರು ಯಾರಾದರೂ ಇದ್ದಾರಾ ಎಂದು ಕೇಳುವವರು ಕಡಿಮೆಯಾಗಿದ್ದರು. ಸಾಮಾನೂ ಬದಲಾಗಿತ್ತು. ಮೊದಲು ನಮ್ಮಲ್ಲಿ ಆಚಾರಿಗಳು ಕುಲುಮೆಯಲ್ಲಿ ಬಡಿದು ಮಾಡಿದ ಚೂರಿಗಳೇ ಹೆಚ್ಚು. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕಪ್ಪು ಚೂರಿ. ನೋಡಲಿಕ್ಕೆ ಒರಟು, ನಮ್ಮ ಉಪ್ಪುಗಾಳಿಗೆ ಎರಡೇ ದಿನದಲ್ಲಿ ತುಕ್ಕು ಹಿಡಿಯುವುದು, ತೆಂಗಿನೆಣ್ಣೆ ಉಜ್ಜುತ್ತಲೇ ಇರಬೇಕು. ಆದರೆ ಅಲಗು ಒಳ್ಳೆಯದು. ಆಮೇಲೆ ಗಲ್ಫಿನವರ ಪೆಟ್ಟಿಗೆಗಳಲ್ಲಿ ಬೇರೆ ತರಹದವು ಬರತೊಡಗಿದವು. ಹಿಡಿ ಟೊಳ್ಳು, ಅದರೊಳಗೆ ಗಾಳ, ಬೆಂಕಿಕಡ್ಡಿ, ತುದಿಯಲ್ಲಿ ದಿಕ್ಸೂಚಿ. ಕಾಲೇಜಿನ ಹುಡುಗರು ಅಂಥದ್ದೇ ಬೇಕು ಎಂದು ಕೇಳುವರು. "ಹಿಡಿಯೊಳಗೆ ಗಾಳ ಇಡ್ಲಿಕ್ಕೆ ಜಾಗ ಉಂಟು ಅಂದ್ರೆ ಅಲ್ಲಿ ಬಾಲ ಇಲ್ಲ ಅಂತ ಅರ್ಥ" ಎಂದು ನಾನು ವಾದ ಮಾಡುತ್ತಿದ್ದೆ. ಮಾತಿನಲ್ಲಿ ನಾನು ಅಷ್ಟು ಬುದ್ಧಿವಂತೆಯಾಗಿದ್ದೆ.

ಲೋಬೋ ಸರ್ ನಮ್ಮ ಹಳೆ ಗಿರಾಕಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ಫಳ್ನೀರಿನಲ್ಲಿ ಮನೆ. ಪ್ರತಿ ಡಿಸೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಜಪೆಯ ಆಚೆ ಹೊಳೆಬದಿಯ ಕಾಡಿನಲ್ಲಿ ಮೂರು ದಿನ ಬಿಡಾರ ಹೂಡುವರು. ಗಿಡ ಗುರುತಿಸುವುದು, ಗೂಟ ಕೆತ್ತಿ ಡೇರೆ ಕಟ್ಟುವುದು, ಸೌದೆ ಸೀಳಿ ಅಡುಗೆ ಮಾಡುವುದು, ಎಲ್ಲ ಮಕ್ಕಳೇ ಮಾಡಬೇಕು.

ಒಂದು ವರ್ಷ ಮಳೆಗಾಲದಲ್ಲಿಯೇ ಬಂದು ಹೇಳಿದರು, "ಜಲಜ, ಈ ಸಲ ಒಬ್ಬೊಬ್ಬರಿಗೂ ಒಂದೊಂದು ಚೂರಿ ಬೇಕು. ಎಂಟು. ಒಬ್ಬರದ್ದು ಇನ್ನೊಬ್ಬರು ಕಿತ್ತುಕೊಳ್ಳುವಾಗಲೇ ಗಾಯ ಆಗುವುದು. ಆದ್ರೆ ಮಕ್ಕಳೇ ಹಣ ಹಾಕುವುದು, ಭಾರ ಆಗಬಾರದು."

ಆಚಾರಿ ಚೂರಿ ಎಂಟು ಎಂದರೆ ಅವರಿಗೆ ಭಾರ. ಗಲ್ಫಿನದ್ದನ್ನು ನಾನೇ ಬೇಡವೆಂದೆ. ಆಗಷ್ಟೇ ಉತ್ತರದ ಕಡೆಯ ಒಂದು ಕಾರ್ಖಾನೆಯವರು ಸ್ಯಾಂಪಲ್ ಒಂದನ್ನು ಕಳಿಸಿದ್ದರು. ಅಂಗೈಯಷ್ಟು ಅಲಗು, ದಪ್ಪ ಬೆನ್ನು, ಕಪ್ಪು ಮರದ ಹಿಡಿ, ಎರಡು ಹಿತ್ತಾಳೆ ರಿವೆಟ್, ಚರ್ಮದ ಒರೆ. ಬೆಲೆ ಆಚಾರಿಯದ್ದಕ್ಕಿಂತ ಬಹಳ ಕಡಿಮೆ. ಕೊರಗಪ್ಪಣ್ಣ ಬಡಿದು ಕೇಳಿದರು, ನಾನೂ ಕೇಳಿದೆ. ಗಟ್ಟಿ ಶಬ್ದ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೊಂದನ್ನು ನಿಲ್ಲಿಸಿ, ಅದರ ಮೇಲೆ ಅಲಗಿಟ್ಟು, ಬೆನ್ನಿಗೆ ಇನ್ನೊಂದು ಮರದಿಂದ ಹೊಡೆದು ಲೋಬೋ ಸರ್ ಎದುರಿಗೇ ಸೀಳಿ ತೋರಿಸಿದೆ. "ಹೀಗೆ ಸೌದೆ ಸೀಳಬಹುದು ಸರ್. ಮಕ್ಕಳಿಗೂ ಹೀಗೇ ಹೇಳಿಕೊಡಿ" ಎಂದೆ. ಅವರಿಗೆ ಖುಷಿಯಾಯಿತು. ಒಂದು ಡಜನ್ ಆರ್ಡರ್ ಮಾಡಿದೆವು.

ಡಿಸೆಂಬರಿನಲ್ಲಿ ಪೆಟ್ಟಿಗೆ ಬಂತು. ಕ್ರಿಸ್ಮಸ್ಸಿನ ಮುಂಚಿನ ದಿನಗಳು, ಅಂಗಡಿಯಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ. ಗುರುವಾರ ಸಂಜೆ ಲೋಬೋ ಸರ್ ಅವಸರದಲ್ಲಿ ಬಂದರು. ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಮೇಣದ ಕಾಗದ ಸುತ್ತಿದ ಎಂಟು ಚೂರಿಗಳನ್ನು ಸುತ್ತಿದ್ದ ಹಾಗೆಯೇ ಎಣಿಸಿ ಚೀಲಕ್ಕೆ ಹಾಕಿದೆ. ಬಿಚ್ಚಲಿಲ್ಲ. ಬಡಿದು ನೋಡಲಿಲ್ಲ. ಸ್ಯಾಂಪಲ್ ನೋಡಿದ್ದೇವಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಪೇಂಟಿಂಗ್ ಕೆಲಸದ ಒಬ್ಬರು, ಕಿಟಕಿಯ ಹಳೆ ಬಣ್ಣ ಕೆರೆಯಲಿಕ್ಕೆ ಗಟ್ಟಿ ಚೂರಿ ಬೇಕು ಎಂದರು. ಆ ಡಜನ್ನಿನ ಒಂಬತ್ತನೆಯದನ್ನು ಬಿಚ್ಚಿ ಕೊಟ್ಟೆ. ಅವರು ಮೊನೆಯನ್ನು ಕೌಂಟರಿನ ಮರಕ್ಕೆ ಒತ್ತಿ ಸ್ವಲ್ಪ ತಿರುಗಿಸಿದರು. ಅಲಗು ಅಲ್ಲೇ ನಿಂತಿತು, ಹಿಡಿ ಮಾತ್ರ ಅವರ ಕೈಯಲ್ಲಿ ತಿರುಗಿತು.

"ಇದೆಂತ ಅಕ್ಕ, ಆಟದ ಸಾಮಾನಾ?" ಎಂದು ಅವರು ನಕ್ಕರು.

ಕೊರಗಪ್ಪಣ್ಣ ಆ ಚೂರಿಯನ್ನು ಕಬ್ಬಿಣದ ವೈಸಿನ ದವಡೆಗೆ ಕಚ್ಚಿಸಿ ಹಿಡಿಯನ್ನು ಒಡೆದರು. ಬಾಲ ಹೆಬ್ಬೆರಳಿನ ಒಂದು ಗೆಣ್ಣಿನಷ್ಟೂ ಇರಲಿಲ್ಲ. ಅದನ್ನು ಅರಗಿನಲ್ಲಿ ಅಂಟಿಸಿದ್ದರು. ಹಿತ್ತಾಳೆ ರಿವೆಟ್‌ಗಳು ಬರೀ ಮರಕ್ಕೆ ಚುಚ್ಚಿದ್ದವು, ಕಬ್ಬಿಣವನ್ನು ಮುಟ್ಟಿಯೇ ಇರಲಿಲ್ಲ. ಉಳಿದ ಮೂರನ್ನೂ ಒಡೆದೆವು. ಮೂರೂ ಹಾಗೆಯೇ.

"ಲೋಬೋ ಸರ್ ಹತ್ತಿರ ಎಂಟು ಉಂಟು" ಎಂದೆ.

ಧನಿಗಳಿಗೆ ಹೇಳಿದೆ. ಅವರು ಒಡೆದ ಹಿಡಿಗಳನ್ನು ತಿರುಗಿಸಿ ನೋಡಿ, "ಕಾರ್ಖಾನೆಯವರಿಗೆ ಇವತ್ತೇ ಕಾಗದ ಬರಿ. ಲೋಬೋದವರು ಸೋಮವಾರ ಬರ್ತಾರಲ್ಲ, ಬದಲಿಸಿ ಕೊಡುವ" ಎಂದರು.

"ಸೋಮವಾರದವರೆಗೆ ಎಂತಾದ್ರೂ ಆದ್ರೆ?"

"ಎಂತ ಆಗ್ತದೆ? ಮಕ್ಕಳು ಚೂರಿ ಹಿಡಿದು ಯುದ್ಧಕ್ಕೆ ಹೋದದ್ದಾ?"

ನನಗೆ ಕಾಣುತ್ತಿದ್ದದ್ದು ಹಲಗೆ ಸೀಳಿ ತೋರಿಸಿದ ನನ್ನದೇ ಕೈ. ಬೆನ್ನಿಗೆ ಹೊಡೆಯಿರಿ ಎಂದು ಹೇಳಿಕೊಟ್ಟವಳೇ ನಾನು. ಅರ್ಧ ದಿನ ರಜೆ ಕೇಳಿದೆ. ಧನಿಗಳು ಲೆಡ್ಜರ್ ತೆರೆದರು. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆ. ಕೊರಗಪ್ಪಣ್ಣ ಎರಡು ಆಚಾರಿ ಚೂರಿಗಳನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. "ಅವುಗಳನ್ನು ಕಿತ್ತುಕೊಂಡ್ರೆ ಮಕ್ಕಳಿಗೆ ಅಡುಗೆ ಮಾಡ್ಲಿಕ್ಕೆ ಎಂತದಾದ್ರೂ ಬೇಕಲ್ಲ" ಎಂದರು. ನನಗೆ ಆ ಯೋಚನೆ ಬಂದೇ ಇರಲಿಲ್ಲ.

ಫಳ್ನೀರಿಗೆ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ. ಲೋಬೋ ಸರ್ ಹೆಂಡತಿ ಸ್ಟೆಲ್ಲಾ ಟೀಚರ್ ಅಂಗಳದಲ್ಲಿ ನಕ್ಷತ್ರದ ದೀಪಕ್ಕೆ ಕಾಗದ ಅಂಟಿಸುತ್ತಿದ್ದರು. ಬಿಡಾರದ ಜಾಗ ಕೇಳಿದೆ. "ಬಜಪೆಯಲ್ಲಿ ಇಳಿದು ಹೊಳೆ ಕಡೆಗೆ ಇಳಿಯಬೇಕು. ಒಂದು ಹಳೆ ಹಂಚಿನ ಶೆಡ್ ಸಿಗ್ತದಂತೆ, ಅಲ್ಲಿಂದ ಎಡಕ್ಕೆ. ನಾನು ಹೋದವಳಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, ಅಂಟಿನ ಕೈಯಲ್ಲೇ ನನ್ನ ತೋಳು ಹಿಡಿದರು. "ಎಂತಾಯ್ತು?"

"ಎಂತದೂ ಆಗ್ಲಿಲ್ಲ ಟೀಚರ್. ಚೂರಿ ಬದಲಿಸ್ಲಿಕ್ಕೆ ಉಂಟು." ಅಷ್ಟು ಹೇಳಿ ಹೊರಟೆ. ಎಂತದೂ ಆಗಲಿಲ್ಲ ಎಂದು ಹೇಳಲಿಕ್ಕೆ ನನಗೆ ಯಾವ ಅಧಿಕಾರ ಇತ್ತು ಎಂದು ಬಸ್ಸು ಸಿಗುವ ಹಂಪನಕಟ್ಟೆಯವರೆಗೂ ಯೋಚಿಸಿದೆ.

ಬಜಪೆ ಬಸ್ಸು ತುಂಬಿದ ಮೇಲೆಯೂ ಹೊರಡಲಿಲ್ಲ. ಕಂಡಕ್ಟರ್ ಇನ್ನೂ ಇಬ್ಬರನ್ನು ಕರೆಯುತ್ತಾ ನಿಂತಿದ್ದ. ದಾರಿಯಲ್ಲಿ ಪ್ರತಿ ಸ್ಟಾಪಿನಲ್ಲೂ ಯಾರಾದರೂ ಅಕ್ಕಿಮುಡಿ, ಕೋಳಿಬುಟ್ಟಿ ಇಳಿಸುವರು. ನಾನು ಕಿಟಕಿಯ ಸರಳು ಹಿಡಿದುಕೊಂಡು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಶುಕ್ರವಾರ ಡೇರೆ ಕಟ್ಟಿರುತ್ತಾರೆ, ಗೂಟ ಕೆತ್ತಿರುತ್ತಾರೆ, ಆಗಲೇ ಏನೂ ಆಗಿಲ್ಲವೆಂದರೆ ಇನ್ನೂ ಆಗುವುದಿಲ್ಲ. ಮರುಕ್ಷಣ ಅನ್ನಿಸುತ್ತಿತ್ತು, ಶುಕ್ರವಾರ ಆಗಿಲ್ಲ ಎಂದು ಯಾರು ಹೇಳಿದರು?

ಇಳಿದು ನಡೆದೆ. ಕೆಂಪು ಮುರಕಲ್ಲಿನ ದಾರಿ, ನೆತ್ತಿಯ ಮೇಲೆ ಬಿಸಿಲು. ಹಂಚಿನ ಶೆಡ್ ಸಿಕ್ಕಿತು. ಎಡಕ್ಕೆ ಇಳಿದಾಗ ಡೇರೆಗಳು ಕಂಡವು. ಹುಡುಗರ, ಹುಡುಗಿಯರ ಗಲಾಟೆ ಕೇಳಿಸಬೇಕಿತ್ತು. ಏನೂ ಕೇಳಿಸಲಿಲ್ಲ. ಏಳು ಮಂದಿ ಉರಿಯದ ಒಲೆಯ ಸುತ್ತ ಕೂತಿದ್ದರು. ಅವರಲ್ಲಿ ದೊಡ್ಡವನಂತೆ ಕಂಡ ಒಬ್ಬ ಎದ್ದು ನಿಂತ.

"ಲೋಬೋ ಸರ್ ಎಲ್ಲಿ?" ಎಂದೆ.

"ಸುಗಂಧಿಯ ಕೈ ಕೊಯ್ದುಹೋಯ್ತು. ಸರ್ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಫಳ್ನೀರಿಗೆ. ಹೋಗಿ ಒಂದು ಗಂಟೆ ಆಯ್ತು."

ನನ್ನ ಬಸ್ಸಿನ ಎದುರಿನಿಂದಲೇ ಅವರು ಹೋಗಿರಬೇಕು.

ಅವಳು ಸೌದೆ ಸೀಳುತ್ತಿದ್ದಳಂತೆ. ಹಿಡಿ ಕಳಚಿ, ಅಲಗು ತಿರುಗಿ, ಎಡಗೈಯ ಎರಡು ಬೆರಳುಗಳ ಮೇಲೆ ಹಾದುಹೋಗಿತ್ತು. ಒಲೆಯ ಪಕ್ಕದ ಒಣ ಎಲೆಗಳ ಮೇಲೆ ಕಪ್ಪಾಗುತ್ತಿದ್ದ ಕಲೆಯಿತ್ತು. ಅಲಗು ಒಂದು ಕಡೆ, ಹಿಡಿ ಒಂದು ಕಡೆ ಬಿದ್ದಿದ್ದವು. ಹಿಡಿಯೊಳಗೆ ಅದೇ ಅರಗು.

"ಸರ್ ಅವಳಿಗೆ ತುಂಬ ಬೈದ್ರು" ಎಂದಳು ಒಬ್ಬ ಹುಡುಗಿ. "ಹೆಚ್ಚು ಬಲ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ, ಕೇಳ್ಲಿಲ್ಲ ಅಂತ. ಅವಳು ಎಂತದೂ ಮಾತಾಡ್ಲಿಲ್ಲ."

ಏಳು ಚೂರಿಗಳನ್ನೂ ಕೇಳಿ ಪಡೆದೆ. ಆಚಾರಿ ಚೂರಿ ಎರಡನ್ನು ಕೊಟ್ಟು, ಅಕ್ಕಿ ಬೇಯಿಸಿ ತಿನ್ನಿ, ಸರ್ ಬರುವವರೆಗೆ ಎಲ್ಲಿಗೂ ಹೋಗಬೇಡಿ ಎಂದು ಹೇಳಿ ಬಂದೆ. ಕಳಚಿದ ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಪೇಟೆಗೆ ವಾಪಸಾದಾಗ ನಾಲ್ಕು ಗಂಟೆ. ಮೊದಲು ಅಂಗಡಿಗೆ ಹೋದೆ. ಧನಿಗಳು ಎಲ್ಲ ಕೇಳಿದರು. ಆಮೇಲೆ, "ಆಸ್ಪತ್ರೆಗೆ ಹೋಗು. ಹಣ್ಣು ತಗೊಂಡು ಹೋಗು. ಚಿಕಿತ್ಸೆಗೆ ಎಂತ ಬೇಕೋ ನಾನು ನೋಡಿಕೊಳ್ತೇನೆ. ಆದ್ರೆ ಚೂರಿಯ ಮಾತು ಎತ್ತಬೇಡ. ಅವರು ಮಗುವಿನ ತಪ್ಪು ಅಂತ ಅಂದುಕೊಂಡಿದ್ದಾರಲ್ಲ, ಹಾಗೇ ಇರಲಿ. ಅಂಗಡಿಯ ಹೆಸರು ಹೋದ್ರೆ ಇಲ್ಲಿ ಹದಿನಾಲ್ಕು ಮಂದಿಯ ಅನ್ನ ಹೋಗ್ತದೆ. ನಿನ್ನದೂ ಸೇರಿ" ಎಂದರು.

ಬೆದರಿಸುವ ದನಿಯಲ್ಲ. ಅವರಿಗೂ ಹೆದರಿಕೆ ಇತ್ತು. ಮನೆಯಲ್ಲಿ ಅಪ್ಪ ಉಸಿರಿಗೆ ಒದ್ದಾಡುತ್ತಾ ಕೂತಿದ್ದರು, ಅವರ ಮದ್ದು ನನ್ನ ಸಂಬಳದಿಂದಲೇ ಬರುತ್ತಿತ್ತು. ನಾನು ಆಯ್ತು ಎಂದು ಹೇಳಿಯೇ ಹೊರಟೆ. ಮೂಸಂಬಿ ತೆಗೆದುಕೊಂಡೆ. ಕರವಸ್ತ್ರದ ಗಂಟು ಚೀಲದ ಅಡಿಯಲ್ಲೇ ಇತ್ತು.

ಆಸ್ಪತ್ರೆಯ ಮೊದಲ ಮಾಳಿಗೆಯ ವರಾಂಡದಲ್ಲಿ ಲೋಬೋ ಸರ್ ಬೆಂಚಿನ ಮೇಲೆ ಕೂತಿದ್ದರು. ಅಂಗಿಯ ಎದೆಯ ಮೇಲೆ ರಕ್ತ ಒಣಗಿತ್ತು. ಅವರ ಪಕ್ಕದಲ್ಲಿ ಬನಿಯನಿನ ಮೇಲೆ ಟವೆಲ್ ಹೊದ್ದ ಒಬ್ಬರು ನಿಂತಿದ್ದರು. ಸುಗಂಧಿಯ ಅಪ್ಪ ಶೀನಪ್ಪಣ್ಣ. ಹೊಟೇಲಿನಲ್ಲಿ ಅಡುಗೆಯವರು. ಒಲೆಯ ಎದುರಿನಿಂದ ಎದ್ದ ಹಾಗೆಯೇ ಓಡಿ ಬಂದಿದ್ದರು.

"ಎರಡು ಬೆರಳಿನ ನರ ಕಡಿದುಹೋಗಿದೆಯಂತೆ" ಎಂದರು ಲೋಬೋ ಸರ್. "ಹೊಲಿದಿದ್ದಾರೆ. ಮಡಚಲಿಕ್ಕೆ ಆಗ್ತದಾ ಇಲ್ವಾ ಈಗ ಹೇಳ್ಲಿಕ್ಕಾಗುವುದಿಲ್ಲ ಅಂತೆ ಡಾಕ್ಟರು."

ಶೀನಪ್ಪಣ್ಣ ಕೈಮುಗಿದು ನಿಂತಿದ್ದರು. ಮಗಳ ಪರವಾಗಿ ಮೇಷ್ಟ್ರ ಹತ್ತಿರ ಕ್ಷಮೆ ಕೇಳುತ್ತಿದ್ದರು. "ಕ್ಯಾಂಪು ಹಾಳು ಮಾಡಿದ್ಳು ಸರ್. ಚೂರಿ ಹಿಡಿಯುವುದು ಸಣ್ಣದರಿಂದ ನಾನೇ ಕಲಿಸಿದ್ದು. ಹೀಗೆ ಮಾಡ್ತಾಳೆ ಅಂತ ಗೊತ್ತಿರ್ಲಿಲ್ಲ. ನನಗೆ ಮುಖ ಎತ್ಲಿಕ್ಕಾಗುವುದಿಲ್ಲ."

ನಾನು ಅಲ್ಲಿಂದ ಕೋಣೆಯೊಳಗೆ ಹೋದೆ. ಹೇಳುವುದಿಲ್ಲ ಎಂದೇ ಇನ್ನೂ ಅಂದುಕೊಂಡಿದ್ದೆ. ಸುಗಂಧಿ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಹದಿನೆಂಟು ಹತ್ತೊಂಬತ್ತರ ಹುಡುಗಿ. ಎಡಗೈ ಪೂರ್ತಿ ಬ್ಯಾಂಡೇಜಿನಲ್ಲಿತ್ತು. ಬಲಗೈ ಹಾಸಿಗೆಯ ಮೇಲೆ ಅಲುಗಾಡುತ್ತಿತ್ತು. ಮೊದಲು ನೋವಿಗೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದಾಗ ಗೊತ್ತಾಯಿತು, ಅವಳು ಇಲ್ಲದ ಚೂರಿಯನ್ನು ಹಿಡಿದು ನೋಡುತ್ತಿದ್ದಳು. ಹೆಬ್ಬೆರಳು ಎಲ್ಲಿ ಇತ್ತು, ಮಣಿಕಟ್ಟು ಹೇಗೆ ಇತ್ತು, ಎಲ್ಲಿ ತಪ್ಪಿತು ಎಂದು ಮತ್ತೆ ಮತ್ತೆ ಹಿಡಿದು ನೋಡುತ್ತಿದ್ದಳು.

ಹೊರಗೆ ಬಂದು ಇಬ್ಬರನ್ನೂ ಒಳಗೆ ಕರೆದೆ. ಕರವಸ್ತ್ರ ಬಿಚ್ಚಿ ಹಿಡಿಯನ್ನು ಹಾಸಿಗೆಯ ಮೇಲೆ ಇಟ್ಟೆ.

"ಈ ಚೂರಿ ಮಾರಿದ್ದು ನಾನು" ಎಂದೆ. "ಇದು ಸರಿ ಇರ್ಲಿಲ್ಲ. ಒಳಗೆ ಕಬ್ಬಿಣವೇ ಇಲ್ಲ, ಬರೀ ಅರಗು. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಇನ್ನೊಂದು ಹೀಗೇ ಕಳಚಿ ಬಂತು. ನಾಲ್ಕು ಒಡೆದು ನೋಡಿದೆವು, ನಾಲ್ಕೂ ಹೀಗೇ. ಕೊಡುವ ಮೊದಲು ನಾನು ನೋಡ್ಬೇಕಿತ್ತು. ನೋಡ್ಲಿಲ್ಲ. ಯಾರು ಹೊಡೆದಿದ್ರೂ ಇದು ಕಳಚುತ್ತಿತ್ತು."

ಶೀನಪ್ಪಣ್ಣ ಹಿಡಿಯನ್ನು ಎತ್ತಿಕೊಂಡರು. ಅಡುಗೆಯವರ ಬೆರಳು, ಒಳಗಿನ ಅರಗನ್ನು ಉಗುರಿನಿಂದ ಒಮ್ಮೆ ಕೆರೆದರು, ಮೂಸಿ ನೋಡಿದರು. ನನ್ನ ಮುಖಕ್ಕೆ ಎಸೆಯುತ್ತಾರೆ ಎಂದುಕೊಂಡೆ. ಎಸೆದಿದ್ದರೆ ನ್ಯಾಯವಾಗುತ್ತಿತ್ತು. ಅವರು ಅದನ್ನು ಲೋಬೋ ಸರ್ ಕೈಗೆ ಕೊಟ್ಟರು.

ಸುಗಂಧಿ ನನ್ನನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಾನು ಹಿಡಿದದ್ದು ಸರಿಯಾಗಿಯೇ ಇತ್ತಾ?"

"ಸರಿಯಾಗಿಯೇ ಇತ್ತು."

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ ಆ ಹುಡುಗಿ. ಆಗ ಅತ್ತಳು. ಶಬ್ದ ಮಾಡಿ, ಸಣ್ಣ ಮಕ್ಕಳ ಹಾಗೆ. ಲೋಬೋ ಸರ್ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, "ಸಾರಿ ಮಗಾ, ನಾನು ಬೈಯಬಾರದಿತ್ತು, ಮೊದಲು ಚೂರಿ ನೋಡ್ಬೇಕಿತ್ತು" ಎಂದು ಅವಳ ಸರಿಯಿದ್ದ ಕೈಯನ್ನು ಹಿಡಿದುಕೊಂಡರು. ಶೀನಪ್ಪಣ್ಣ ಗೋಡೆಯ ಕಡೆ ತಿರುಗಿದರು. ಆಮೇಲೆ, ನನ್ನನ್ನು ನೋಡದೆಯೇ, "ನೀವಿನ್ನು ಹೋಗಿ" ಎಂದರು. ಹೋದೆ.

ಸೋಮವಾರ ಅಂಗಡಿಗೆ ಹೋಗಿ ಧನಿಗಳ ಎದುರು ನಿಂತು, "ಹೇಳಿದೆ" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊಳೆಯ ಕಡೆ ಹೋಗು" ಎಂದರು. ಅಷ್ಟೇ. ಅಪ್ಪ ಮೊಳೆ ತೂಗುತ್ತಿದ್ದ ತಕ್ಕಡಿಯ ಎದುರು ಏಳು ತಿಂಗಳು ನಿಂತೆ. ಆ ಏಳು ತಿಂಗಳು ಧನಿಗಳು ನನ್ನ ಜೊತೆ ಮಾತಾಡಲಿಲ್ಲ. ದಿನಾ ಬೆಳಿಗ್ಗೆ, ಇವತ್ತು ಬಿಡಿಸುತ್ತಾರೆ ಎಂದುಕೊಂಡೇ ಸೀರೆ ಉಡುತ್ತಿದ್ದೆ. ಆದರೆ ಆಸ್ಪತ್ರೆಯ ಖರ್ಚನ್ನು ಅವರು ಹೇಳಿದ ಮಾತಿಗೆ ಸರಿಯಾಗಿ ತಾವೇ ನೋಡಿಕೊಂಡರು. ಗಿರಾಕಿಗಳು ಕಡಿಮೆಯಾಗಲಿಲ್ಲ. ಲೋಬೋ ಸರ್ ಕೂಡ ಬರುವುದನ್ನು ನಿಲ್ಲಿಸಲಿಲ್ಲ.

ಮಳೆಗಾಲದ ನಡುವೆ ಕೊರಗಪ್ಪಣ್ಣನಿಗೆ ಕಣ್ಣು ಪೂರ್ತಿ ಹೋಗಿ ಅವರು ಕೆಲಸ ಬಿಟ್ಟರು. ಅದರ ಮರುದಿನ ಧನಿಗಳು ಹಲಸಿನ ಮರದ ಒಂದು ಕೊರಡನ್ನು ಚೂರಿಯ ಕೌಂಟರಿನ ಪಕ್ಕದಲ್ಲಿ ತಂದು ಹಾಕಿಸಿದರು. "ಇನ್ನು ಮೇಲೆ ಬಡಿಯದೆ ಒಂದೂ ಹೊರಗೆ ಹೋಗಬಾರದು. ಗಿರಾಕಿಯ ಎದುರಿಗೇ ಬಡಿಯಬೇಕು. ಯಾರು ಬಡಿಯುವುದು ಇಲ್ಲಿ? ನೀನೇ ಬಾ" ಎಂದರು. ನಾನು ನಿವೃತ್ತಳಾಗುವವರೆಗೂ ಆ ಪದ್ಧತಿ ಹಾಗೆಯೇ ನಡೆಯಿತು. ಕೆಲವು ಗಿರಾಕಿಗಳು ಬೇಜಾರು ಮಾಡಿಕೊಳ್ಳುವರು, ಹೊಸ ಸಾಮಾನಿಗೆ ಯಾಕೆ ಪೆಟ್ಟು ಎಂದು. ಆದರೂ ನಾನು ಬಡಿಯುತ್ತಿದ್ದೆ.

ಆ ಡಿಸೆಂಬರಿನಲ್ಲಿ ಶೀನಪ್ಪಣ್ಣ ಅಂಗಡಿಗೆ ಬಂದರು. ಹಿಂದೆ ಸುಗಂಧಿ.

"ಇವಳು ಪುನಃ ಕ್ಯಾಂಪಿಗೆ ಹೋಗ್ಬೇಕು ಅಂತಾಳೆ" ಎಂದರು ಅವರು. "ನಾನು ಬೇಡ ಅಂದೆ. ಕೇಳುವುದಿಲ್ಲ. ಚೂರಿ ನೀವೇ ಕೊಡ್ಬೇಕಂತೆ."

ಅವಳ ಎಡಗೈಯ ಉಂಗುರ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅದನ್ನು ಅವಳು ಅಡಗಿಸಲೂ ಇಲ್ಲ, ತೋರಿಸಲೂ ಇಲ್ಲ. ನಾನು ಆಚಾರಿ ಚೂರಿಗಳನ್ನು ಸಾಲಾಗಿ ಇಟ್ಟೆ. ಅವಳು ಒಂದೊಂದನ್ನೇ ಹಿಡಿದು ನೋಡಿದಳು. ತುಂಬ ದಪ್ಪ ಹಿಡಿಯದ್ದನ್ನು ಪಕ್ಕಕ್ಕಿಟ್ಟಳು. ಕೊನೆಗೆ ಒಂದನ್ನು ಕೊಟ್ಟು, "ಇದು ಬಡೀರಿ" ಎಂದಳು. ಬಡಿದೆ. ಗಟ್ಟಿ ಶಬ್ದ. "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಬಡಿದೆ. ಮೂರನೆಯ ಸಲ ಅವಳೇ ಇಸಿದುಕೊಂಡು ಕೊರಡಿನ ಮೇಲೆ ಬಡಿದಳು. ಶೀನಪ್ಪಣ್ಣ ಅಷ್ಟು ಹೊತ್ತೂ ಬೀದಿಯ ಕಡೆ ನೋಡುತ್ತಾ ನಿಂತಿದ್ದರು.

ಅವಳು ಕ್ಯಾಂಪಿಗೆ ಹೋದ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಅಂಗಡಿಯಲ್ಲಿ ಫೋನ್ ರಿಂಗಾದಾಗಲೆಲ್ಲ ನಾನೇ ಓಡಿ ಹೋಗಿ ಎತ್ತುತ್ತಿದ್ದೆ. ನೂರು ಸಲ ಬಡಿದು ನೋಡಿದರೂ ಚೂರಿಯೊಳಗೆ ಏನಿದೆಯೆಂದು ಪೂರ್ತಿ ಯಾರಿಗೆ ಗೊತ್ತು? ಫಳ್ನೀರಿನ ಕಡೆಯಿಂದ ಬರುವ ಗಿರಾಕಿಗಳ ಮುಖವನ್ನು ಮೊದಲು ನೋಡಿ, ಆಮೇಲೆ ಎಂತ ಬೇಕು ಎಂದು ಕೇಳುತ್ತಿದ್ದೆ.

ಸೋಮವಾರ ಹತ್ತೂವರೆಗೆ ಸುಗಂಧಿ ಒಬ್ಬಳೇ ಬಂದಳು. ಲಂಗದ ಅಂಚಿಗೆ ಇನ್ನೂ ಕೆಂಪು ಮಣ್ಣು ಹತ್ತಿತ್ತು. ಒರೆಯಿಂದ ಚೂರಿ ತೆಗೆದು ಕೌಂಟರಿನ ಮೇಲೆ ಇಟ್ಟಳು. ನಾನು ಮೊದಲು ಅವಳ ಹತ್ತು ಬೆರಳುಗಳನ್ನು ನೋಡಿದೆ. ಆಮೇಲೆ ಚೂರಿ ಎತ್ತಿಕೊಂಡೆ. ಹಿಡಿ ಬಿಗಿಯಾಗಿಯೇ ಇತ್ತು. ಅಲಗಿನ ತುಂಬ ಗಿಡದ ಹಾಲಿನ ಕಲೆ, ಅಂಚು ಹೆಬ್ಬೆರಳಿಗೆ ತಾಗುವಷ್ಟೂ ಹರಿತವಿರಲಿಲ್ಲ. ಮೂರು ದಿನ ಬಿಡುವಿಲ್ಲದೆ ದುಡಿದ ಚೂರಿ.

"ಮೊಂಡಾಯ್ತು ಅಕ್ಕ" ಎಂದಳು. "ಸಾಣೆ ಹಿಡಿದು ಕೊಡಿ. ಹನ್ನೊಂದಕ್ಕೆ ಕ್ಲಾಸುಂಟು."